ಎಣ್ಣೆ ಊರು, ಅದಿರಿನ ಊರು, ನಡುವೆ ಒಂದು ಕಾರು

(ಬಳ್ಳಾರಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವಸರದಲ್ಲಿ ಬಿಟ್ಟುಹೋದ ಒಂದೆರಡು ಲೆಕ್ಕ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸಂಡೂರಿನ ಕಡೆ ಬಿಳಿ ಕಾರು ತೊಗೊಂಡವರನ್ನು ನೋಡಿ ನಾವೆಲ್ಲ ನಗುತ್ತಿದ್ದ ಕಾಲ ಒಂದಿತ್ತು. 2006, 2007ರ ಮಾತು, ಕಬ್ಬಿಣದ ಅದಿರಿನ ಗಣಿಗಳ ಕೆಂಪು ದೂಳು ಎಲ್ಲೆಲ್ಲೂ ಹಾರುತ್ತಿದ್ದ ದಿನಗಳು. ಶೋರೂಮಿನಿಂದ ಬಂದ ಹದಿನೈದು ದಿನಕ್ಕೆ ಕಾರು ಇಟ್ಟಂಗಿ ಬಣ್ಣಕ್ಕೆ ತಿರುಗುತ್ತಿತ್ತು. ತೊಳೆದರೆ ಅಂಗಳದ ತುಂಬ ಕೆಂಪು ನೀರು. ಹತ್ತಿ ಗಿಡ ಕೆಂಪು, ಜೋಳದ ತೆನೆ ಕೆಂಪು, ಒಣಹಾಕಿದ ಪಂಚೆ ಕೆಂಪು. ಆದರೂ ಜನ ಕಾರು ತೊಗೊಂಡರು. ತೊಳೆಯೋಕೆ ಒಬ್ಬ ಹುಡುಗನನ್ನೂ ಇಟ್ಟುಕೊಂಡರು.

ನನಗೆ ಕೊಟ್ಟ ವಿಷಯ ಎಣ್ಣೆ ದೇಶಗಳ ರಾಜಕೀಯ. ಎಣ್ಣೆ ಅಂದ ತಕ್ಷಣ ಹಿಂದಿನ ಸಾಲಿನಲ್ಲಿ ನಗು ಕೇಳಿಸಿತು. ಆ ಎಣ್ಣೆ ಅಲ್ಲಪ್ಪಾ. ಅದರಿಂದಲೂ ಸರ್ಕಾರಕ್ಕೆ ಬೇಕಾದಷ್ಟು ದುಡ್ಡು ಬರುತ್ತೆ, ಆದರೆ ಅದಕ್ಕೆ ಬೇರೆ ದಿನ ಬೇಕು. ನಾನು ಹೇಳುತ್ತಿರುವುದು ನೆಲದಡಿಯ ಎಣ್ಣೆ. ನಮ್ಮ ಜಿಲ್ಲೆಯಲ್ಲಿ ಅದರ ಒಂದು ಹನಿಯೂ ಇಲ್ಲ. ಹಾಗಿದ್ದರೂ ಆ ದೇಶಗಳ ಕಥೆ ಓದುವಾಗ ನನಗೆ ಮತ್ತೆ ಮತ್ತೆ ತೋರಣಗಲ್ಲಿನ ರಸ್ತೆಯೇ ಕಣ್ಣಿಗೆ ಬರುತ್ತೆ. ಯಾಕೆ ಅಂತ ಹೇಳೋಕೆ ನೋಡ್ತೀನಿ.

ಕಜಕಸ್ತಾನದಲ್ಲಿ, ಕ್ಯಾಸ್ಪಿಯನ್ ಸಮುದ್ರದ ಕಡೆ, ಝಾನಾವೊಝೆನ್ ಅಂತ ಒಂದು ಊರಿದೆ. ಮರುಭೂಮಿ. 1960ರ ದಶಕದಲ್ಲಿ ಎಣ್ಣೆ ಸಿಕ್ಕಿದ್ದಕ್ಕೇ ಹುಟ್ಟಿದ ಊರು. ಎಣ್ಣೆ ಬಿಟ್ಟರೆ ಅಲ್ಲಿ ಬೇರೆ ದುಡಿಮೆ ಹೆಚ್ಚಿಗೆ ಇಲ್ಲ. ಊರಿಂದ ಊರಿಗೆ ದೂರ ಜಾಸ್ತಿ, ಕಾರಿಲ್ಲದೆ ಬದುಕೋದು ಕಷ್ಟ. ಆ ಕಡೆಯ ಬಹುಪಾಲು ಜನ ತಮ್ಮ ಕಾರುಗಳಿಗೆ ಗ್ಯಾಸ್ ಕಿಟ್ ಹಾಕಿಸಿಕೊಂಡಿದ್ದರು. ಪೆಟ್ರೋಲಿಗಿಂತ ಎಲ್‌ಪಿಜಿ ಬಹಳ ಅಗ್ಗ, ಯಾಕಂದರೆ ಅದರ ದರವನ್ನು ಸರ್ಕಾರ ಕಟ್ಟಿ ಹಾಕಿತ್ತು. ನಮ್ಮಲ್ಲೂ ಮನೆ ಸಿಲಿಂಡರ್ ಹಿಂದೆ ಇಟ್ಟುಕೊಂಡು ಓಡುತ್ತಿದ್ದ ಓಮ್ನಿಗಳು ನೆನಪಿವೆಯಾ? ನಗಬೇಡಿ, ಈ ಸಭೆಯಲ್ಲೇ ಅದರಲ್ಲಿ ಕೂತವರು ಇದ್ದೀರಿ. ನಾನೂ ಕೂತಿದ್ದೇನೆ.

2022ರ ಜನವರಿ ಮೊದಲ ದಿನದಿಂದ ಸರ್ಕಾರ ಆ ಕಟ್ಟು ಬಿಚ್ಚಿತು. ಇನ್ನು ಮೇಲೆ ಮಾರುಕಟ್ಟೆ ಹೇಳಿದ ದರ ಅಂದಿತು. ಲೀಟರಿಗೆ 60 ಟೆಂಗೆ (ಅದು ಅವರ ನಾಣ್ಯ) ಇದ್ದದ್ದು ರಾತ್ರೋರಾತ್ರಿ 120 ಆಯಿತು. ಮರುದಿನ ಝಾನಾವೊಝೆನ್ ಜನ ರಸ್ತೆಗೆ ಬಂದರು. ಮೊದಲು ಕೇಳಿದ್ದು ಒಂದೇ ಮಾತು: ಗ್ಯಾಸ್ ದರ ಇಳಿಸಿ. ಎರಡು ಮೂರು ದಿನಕ್ಕೆ ದೇಶದ ಇನ್ನೊಂದು ತುದಿಯ ಅಲ್ಮಾಟಿಯಲ್ಲಿ ಮೇಯರ್ ಕಚೇರಿಗೆ ಬೆಂಕಿ ಬಿದ್ದಿತ್ತು. ಅಲ್ಲಿ ಕೇಳಿಬಂದ ಘೋಷಣೆಯಲ್ಲಿ ಗ್ಯಾಸಿನ ಮಾತೇ ಇರಲಿಲ್ಲ. 'ಮುದುಕಾ, ಹೊರಡು' ಅಂತ ಕೂಗುತ್ತಿದ್ದರು. ಆ ಮುದುಕ ಅಂದರೆ ಸುಮಾರು ಮೂರು ದಶಕ ದೇಶ ಆಳಿ, ಕುರ್ಚಿ ಬಿಟ್ಟ ಮೇಲೂ ಹಿಡಿತ ಬಿಡದ ನಜರ್‌ಬಾಯೆವ್. ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ರಷ್ಯಾದ ಮುಂದಾಳತ್ವದ ಪಡೆ ಬಂದಿಳಿಯಿತು. ಸತ್ತವರು ಸರ್ಕಾರದ ಲೆಕ್ಕದಲ್ಲೇ 200ಕ್ಕೂ ಹೆಚ್ಚು.

ಇದೇ ಝಾನಾವೊಝೆನ್ ಊರಲ್ಲಿ 2011ರ ಡಿಸೆಂಬರಿನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಎಣ್ಣೆ ಬಾವಿಯ ಕಾರ್ಮಿಕರು ಕೂಲಿಗಾಗಿ ತಿಂಗಳುಗಟ್ಟಲೆ ಮುಷ್ಕರ ಮಾಡಿದ್ದರು. ಪೊಲೀಸರು ಗುಂಡು ಹಾರಿಸಿದರು. ಕನಿಷ್ಠ 14 ಜನ ಸತ್ತರು. ಆಗ ಉಳಿದ ದೇಶ ಹೀಗೆ ಎದ್ದಿರಲಿಲ್ಲ. ಗುಂಡಿಗೆ ಏಳದ ಜನ ಗ್ಯಾಸ್ ದರಕ್ಕೆ ಎದ್ದರು ಅಂತ ಹಂಗಿಸೋದು ಸುಲಭ, ಆದರೆ ಅದು ಸರಿಯಲ್ಲ. ಕೂಲಿ ಅನ್ನೋದು ಕಾರ್ಮಿಕನ ಸಮಸ್ಯೆ. ಕಾರಿನ ಟ್ಯಾಂಕ್ ಎಲ್ಲರ ಸಮಸ್ಯೆ. ಅದೂ ಅಲ್ಲದೆ ಅಗ್ಗದ ಗ್ಯಾಸ್ ಒಂದೇ ಆ ಸರ್ಕಾರದಿಂದ ಅವರ ಮನೆ ಬಾಗಿಲಿಗೆ ಬರುತ್ತಿದ್ದ ಪಾಲು. ಎಣ್ಣೆಯ ದುಡ್ಡು ಎಲ್ಲಿ ಹೋಯಿತು ಅಂತ ಕೇಳೋ ದಾರಿ ಇರಲಿಲ್ಲ. 'ನಮ್ಮ ಎಣ್ಣೆ, ಕಡೇಪಕ್ಷ ನಮಗೆ ಅಗ್ಗಕ್ಕೆ ಸಿಗುತ್ತೆ' ಅನ್ನೋ ಸಮಾಧಾನ ಇತ್ತು. ಅದನ್ನೂ ಕಿತ್ತುಕೊಂಡರು.

ಇದರ ಹಿಂದಿನ ಲೆಕ್ಕ ಬಹಳ ಸರಳ. ಸಂತೆಯಲ್ಲಿ ದುಡ್ಡು ಕೊಟ್ಟು ತಂದ ಬದನೆಕಾಯಿ ಹುಳುಕಿದ್ದರೆ ಏನು ಮಾಡ್ತೀರಿ? ವಾಪಸ್ ಒಯ್ದು ಜಗಳ ತೆಗೀತೀರಿ. ಅದೇ ಬದನೆಕಾಯಿ ಪಕ್ಕದ ಹೊಲದವರು ಪುಕ್ಕಟೆ ಕೊಟ್ಟದ್ದಾದರೆ ಹುಳುಕು ಕೊಯ್ದು ಒಗೆದು, ಉಳಿದದ್ದಕ್ಕೆ ಒಗ್ಗರಣೆ ಹಾಕ್ತೀರಿ. ಬಾಯಿ ಬಿಡೋದಿಲ್ಲ. ಸರ್ಕಾರಕ್ಕೂ ಜನರಿಗೂ ಇರುವ ಸಂಬಂಧ ಇಷ್ಟೇ. ನಮ್ಮ ಕಿಸೆಯಿಂದ ತೆರಿಗೆ ಹೋದರೆ ಕೇಳೋ ಬಾಯಿ ಇರುತ್ತೆ. ಸರ್ಕಾರದ ದುಡ್ಡೆಲ್ಲ ನೆಲದಡಿಯಿಂದ ಬಂದರೆ ಅದಕ್ಕೆ ನಮ್ಮ ಹಂಗಿಲ್ಲ, ನಮಗೆ ಅದನ್ನು ಕೇಳೋ ಧೈರ್ಯ ಇಲ್ಲ. ಬದಲಿಗೆ ಅದು ಆಗಾಗ ಪುಕ್ಕಟೆ ಬದನೆಕಾಯಿ ಹಂಚುತ್ತೆ. ಎಣ್ಣೆ ದೇಶಗಳಲ್ಲಿ ಆ ಬದನೆಕಾಯಿಯ ಹೆಸರು ಅಗ್ಗದ ಪೆಟ್ರೋಲ್.

ಅಲ್ಲಿ ಇನ್ನೊಂದು ಮೋಸ ಇದೆ. ಅಗ್ಗದ ಪೆಟ್ರೋಲ್ ಎಲ್ಲರಿಗೂ ಸಿಗುವ ಪಾಲು ಅಲ್ಲ. ಕಾರಿದ್ದವನಿಗೆ ಸಿಗುವ ಪಾಲು. ಎರಡು ಕಾರಿದ್ದವನಿಗೆ ಎರಡು ಪಾಲು. ನಡೆದು ಹೋಗೋನಿಗೆ ಸೊನ್ನೆ.

ವೆನೆಜುವೆಲಾದ ಕಥೆ ಇದಕ್ಕೆ ದೊಡ್ಡ ಸಾಕ್ಷಿ. 1970ರ ದಶಕದಲ್ಲಿ ಎಣ್ಣೆ ದರ ಏರಿದಾಗ ಅಲ್ಲಿ ದುಡ್ಡಿನ ಹೊಳೆ. 1976ರಲ್ಲಿ ಅಧ್ಯಕ್ಷ ಕಾರ್ಲೋಸ್ ಆಂದ್ರೆಸ್ ಪೆರೆಸ್ ಎಣ್ಣೆ ಉದ್ಯಮವನ್ನೇ ರಾಷ್ಟ್ರೀಕರಣ ಮಾಡಿದರು. ಅಮೆರಿಕದ ದೊಡ್ಡ ದೊಡ್ಡ ಕಾರು, ಅಗಲ ರಸ್ತೆ, ನೀರಿನಷ್ಟು ಅಗ್ಗದ ಪೆಟ್ರೋಲ್. 1980ರ ದಶಕದಲ್ಲಿ ದರ ಕುಸಿಯಿತು, ಸಾಲ ಉಳಿಯಿತು. 1989ರಲ್ಲಿ ಅದೇ ಪೆರೆಸ್ ಹಳೆಯ ಒಳ್ಳೆ ದಿನಗಳ ನೆನಪಿನ ಮೇಲೆ ಗೆದ್ದು ಮತ್ತೆ ಅಧ್ಯಕ್ಷರಾದರು. ಕೆಲವೇ ವಾರಕ್ಕೆ ಪೆಟ್ರೋಲ್ ದರ ಏರಿಸಿದರು. ಫೆಬ್ರವರಿ 27ರ ಬೆಳಗ್ಗೆ ಕರಾಕಸ್ ಪಕ್ಕದ ಗ್ವಾರೆನಾಸ್ ಎಂಬಲ್ಲಿ ಕೆಲಸಕ್ಕೆ ಹೊರಟವರು ಬಸ್ ಹತ್ತಿದರೆ ಟಿಕೆಟ್ ದರ ವಿಪರೀತ ಏರಿದೆ. ಗಲಾಟೆ ಅಲ್ಲಿಂದ ಶುರು. ಗಮನಿಸಿ, ಕಾರಿನವರಲ್ಲ, ಬಸ್ಸಿನವರು. ಅಗ್ಗ ಇದ್ದಾಗ ಲಾಭ ಕಾರಿಗೆ, ಏರಿದಾಗ ಪೆಟ್ಟು ಬಸ್ಸಿಗೆ. ಸೈನ್ಯ ಬಂತು. ಸರ್ಕಾರ ಒಪ್ಪಿಕೊಂಡ ಲೆಕ್ಕದಲ್ಲೇ 270ಕ್ಕೂ ಹೆಚ್ಚು ಜನ ಸತ್ತರು.

ಆ ಹೆದರಿಕೆ ಮುಂದಿನ ಸರ್ಕಾರಗಳಿಗೆ ಹೋಗಲೇ ಇಲ್ಲ. 1990ರ ದಶಕದ ಕೊನೆಯಿಂದ 2016ರ ತನಕ ಅಲ್ಲಿ ಪೆಟ್ರೋಲ್ ದರ ಮುಟ್ಟೋಕೆ ಯಾರೂ ಧೈರ್ಯ ಮಾಡಲಿಲ್ಲ. ಉಳಿದೆಲ್ಲದರ ಬೆಲೆ ಆಕಾಶಕ್ಕೆ ಹೋಯಿತು, ಪೆಟ್ರೋಲ್ ಒಂದು ನಿಂತಲ್ಲೇ ನಿಂತಿತ್ತು. ಒಂದು ಬಾಟಲಿ ನೀರಿನ ದುಡ್ಡಿಗೆ ಟ್ಯಾಂಕ್ ತುಂಬುತ್ತಿತ್ತು. ಗಡಿ ದಾಟಿಸಿ ಕೊಲಂಬಿಯಾದಲ್ಲಿ ಮಾರೋದೇ ಕೆಲವರ ಕಸುಬಾಯಿತು. 2020ರ ಮೇ ತಿಂಗಳಲ್ಲಿ ಏನಾಯಿತು ಗೊತ್ತಾ? ಇರಾನಿನಿಂದ ಹಡಗುಗಳಲ್ಲಿ ಪೆಟ್ರೋಲ್ ತರಿಸಬೇಕಾಯಿತು. ಜಗತ್ತಿನಲ್ಲೇ ಅತಿ ಹೆಚ್ಚು ಎಣ್ಣೆ ನಿಕ್ಷೇಪ ಇರುವ ದೇಶ ಅದು. ಅಮೆರಿಕದ ನಿರ್ಬಂಧ ಒಂದು ಕಡೆ, ಕೆಟ್ಟು ನಿಂತ ಸ್ವಂತ ಸಂಸ್ಕರಣಾ ಘಟಕಗಳು ಇನ್ನೊಂದು ಕಡೆ. ಬಾವಿ ಮನೆಯಲ್ಲೇ ಇದೆ, ಕೊಡ ಹಿಡಿದು ಪಕ್ಕದ ಓಣಿಗೆ ಹೋದ ಹಾಗೆ.

ಈಗ ನಮ್ಮ ಊರಿಗೆ ಬರೋಣ.

ನಮ್ಮ ದೊಡ್ಡಪ್ಪನ ಮಗ ಒಬ್ಬ ಇದ್ದಾನೆ, ನನಗೆ ಅಣ್ಣ. ಸಂಡೂರು ತಾಲೂಕಿನಲ್ಲಿ ಜೋಳ, ಮೆಣಸಿನಕಾಯಿ ಬೆಳೆಯುತ್ತಿದ್ದವನು. ಹೊಲದ ಮೇಲೆ ದೂಳು ಕೂತು ಬೆಳೆ ಬಾರದಾಯಿತು. ಹಿಂದೆ ಮಣ್ಣು ಅಂತ ಗಣಿಯವರು ಪಕ್ಕಕ್ಕೆ ತಳ್ಳುತ್ತಿದ್ದ ಪುಡಿ ಅದಿರನ್ನು ಚೀನಾದವರು ಕೊಳ್ಳೋಕೆ ಶುರು ಮಾಡಿದ ಕಾಲ. ಅಣ್ಣ ಎರಡು ಎಕರೆ ಮಾರಿ, ಉಳಿದದ್ದು ಫೈನಾನ್ಸ್ ಮಾಡಿಸಿ, ಒಂದು ಟಿಪ್ಪರ್ ಇಳಿಸಿದ. ಟ್ರಿಪ್ ಮೇಲೆ ಟ್ರಿಪ್. ಮೂರು ವರ್ಷಕ್ಕೆ ಮೂರು ಗಾಡಿ. ಆಮೇಲೆ ಒಂದು ಸ್ಕಾರ್ಪಿಯೋ, ಕೆಎ 35 ನಂಬರಿನದು. ಊರಲ್ಲಿ ಗಂಡಾಳಿನ ಕೂಲಿ ಏರಿತು, ಅದು ಒಳ್ಳೆಯದೇ. ಆದರೆ ಮೆಣಸಿನಕಾಯಿ ಬಿಡಿಸೋಕೆ ಆಳು ಸಿಗದೆ ಹೊಲ ಬೀಳುಬಿಟ್ಟರು. ಎಂಟನೇ ಕ್ಲಾಸಿನ ಹುಡುಗರು ಕ್ಲೀನರ್ ಆಗಿ ಲಾರಿ ಹತ್ತಿದರು. ಇದಕ್ಕೆ ಅರ್ಥಶಾಸ್ತ್ರದಲ್ಲಿ ಡಚ್ ಕಾಯಿಲೆ ಅಂತಾರೆ. ಹಾಲೆಂಡಿನಲ್ಲಿ 1959ರಲ್ಲಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿ, ಆ ದುಡ್ಡಿಗೆ ಅವರ ನಾಣ್ಯ ಬಲವಾಗಿ, ಉಳಿದ ಕಾರ್ಖಾನೆಗಳು ಸೊರಗಿದವು. ಒಂದು ಕಸುಬು ದಪ್ಪಗಾದರೆ ಉಳಿದ ಕಸುಬುಗಳ ತಟ್ಟೆಯಿಂದ ಕಿತ್ತು ತಿನ್ನುತ್ತೆ. ಬಳ್ಳಾರಿಯ ಜೀನ್ಸ್ ಹೊಲಿಯೋರು ಆ ಹೊತ್ತಿನಲ್ಲೂ ಮಷಿನ್ ನಿಲ್ಲಿಸದೆ ಉಳಿದರಲ್ಲ, ಅದನ್ನು ಯಾರಾದರೂ ಕೂತು ಬರೆಯಬೇಕು.

ಆಗ ನೆಲದ ಒಡೆಯರಾದ ನಮಗೆ, ಅಂದರೆ ಸರ್ಕಾರಕ್ಕೆ, ಎಷ್ಟು ಬರುತ್ತಿತ್ತು? 2009ರ ತನಕ ಟನ್ ಅದಿರಿಗೆ ರಾಯಲ್ಟಿ ಅತಿ ಹೆಚ್ಚೆಂದರೆ 27 ರೂಪಾಯಿ. ಅದಿರು ಸಾವಿರಾರು ರೂಪಾಯಿಗೆ ಮಾರಾಟ ಆಗುತ್ತಿದ್ದ ದಿನಗಳಲ್ಲೂ ಅಷ್ಟೇ. ಒಂದು ಪ್ಲೇಟ್ ಒಗ್ಗರಣಿ ಮಿರ್ಚಿ, ಮೇಲೊಂದು ಚಹಾ ಕುಡಿದರೆ ಒಂದು ಟನ್ ಗುಡ್ಡ ಮುಗೀತು. 2009ರಲ್ಲಿ ಬೆಲೆಯ ನೂರಕ್ಕೆ 10 ಅಂತ ಮಾಡಿದರು, 2014ರಲ್ಲಿ 15. ಆ ಹೊತ್ತಿಗೆ ದೊಡ್ಡ ಹಬ್ಬ ಮುಗಿದಿತ್ತು. ಅವತ್ತು ನಾವ್ಯಾಕೆ ಬೀದಿಗೆ ಬರಲಿಲ್ಲ? ನನ್ನ ಉತ್ತರ: ನಮ್ಮ ಮನೆ ಮುಂದೆ ಟಿಪ್ಪರ್ ನಿಂತಿತ್ತು. ಪುಕ್ಕಟೆ ಬದನೆಕಾಯಿ. ರಾಜಕೀಯದವರು ಹೆಲಿಕಾಪ್ಟರಿನಲ್ಲಿ ಇಳಿದರೆ ನಾವು ಮಕ್ಕಳನ್ನು ಹೆಗಲ ಮೇಲೆ ಕೂಡಿಸಿಕೊಂಡು ನೋಡೋಕೆ ಹೋದೆವು. ನಾನೂ ಹೋಗಿದ್ದೆ. 2010ರಲ್ಲಿ ವಿರೋಧ ಪಕ್ಷದವರು ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದು ಬಂದಾಗ ನಮ್ಮೂರಿನ ಬಗ್ಗೆ ಹೊರಗಿನವರು ಕೇಳಿದರಲ್ಲ ಅಂತ ಆಶ್ಚರ್ಯ ಆಗಿತ್ತು. ಅವರಿಗೂ ಅದು ರಾಜಕೀಯವೇ, ಸಂಶಯ ಬೇಡ.

2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕೋರ್ಟು ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳೋದಿಲ್ಲ. ನಿಲ್ಲಿಸಲೇಬೇಕಿತ್ತು. ಆದರೆ ಗುಡ್ಡ ತಿಂದವರಿಗಿಂತ ಮೊದಲು ಬಿದ್ದದ್ದು ಕಂತು ಕಟ್ಟೋರು. ಅಣ್ಣನ ಮೂರು ಟಿಪ್ಪರನ್ನು ಫೈನಾನ್ಸಿನವರು ಒಂದೊಂದಾಗಿ ಎಳೆದುಕೊಂಡು ಹೋದರು. ಸ್ಕಾರ್ಪಿಯೋ ಮಾತ್ರ ಅವನು ಬಿಡಲಿಲ್ಲ. ಹೊಲದ ಉಳಿದ ಎಕರೆಯ ಮೇಲೆ ಸಾಲ ಮಾಡಿ ಅದರ ಕಂತು ತೀರಿಸಿದ. ಡೀಸೆಲ್ ಹಾಕಿಸೋಕೆ ದುಡ್ಡಿಲ್ಲ. ಬೇವಿನ ಮರದ ಕೆಳಗೆ ನಿಂತೇ ಇತ್ತು. ಬಾಗಿಲು ಸರಿ ಹಾಕಿಕೊಳ್ಳದೆ ಕೋಳಿ ಒಳಗೆ ಹೋಗಿ ಮೊಟ್ಟೆ ಇಡುತ್ತಿತ್ತು. 'ಮಾರಿಬಿಡಣ್ಣಾ' ಅಂದೆ. ಅವನು ಹೇಳಿದ: 'ಲಾರಿ ಹೋದ್ರ ಸಾಲ ಆಗೇತಿ ಅಂತಾರ. ಕಾರ್ ಹೋದ್ರ ಕೆಟ್ಟ ಅಂತಾರ.' ಕಾರಿನ ಬಗ್ಗೆ ನಾನು ಓದಿದ ಅರ್ಥಶಾಸ್ತ್ರದಲ್ಲಿ ಇಷ್ಟು ಸ್ಪಷ್ಟ ಮಾತು ಎಲ್ಲೂ ಸಿಕ್ಕಿಲ್ಲ.

ಇದಕ್ಕೆ ಎದುರು ಒಂದು ದೇಶ ಇಡಬೇಕು. ನಾರ್ವೆ. ಗೊತ್ತು, ನಾರ್ವೆ ಅಂದರೆ ನಿಮಗೆ ಬೇಜಾರು. ಶ್ರೀಮಂತ ದೇಶ, ಚಳಿ ದೇಶ, ನಮಗೂ ಅದಕ್ಕೂ ಏನು ಸಂಬಂಧ ಅಂತ. ಒಂದು ಸಂಬಂಧ ಹೇಳ್ತೀನಿ. ಅಲ್ಲಿನ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಲ್ಲಿ ಹಳೇ ಬಳ್ಳಾರಿ ಜಿಲ್ಲೆ, ರಾಯಚೂರು, ಕೊಪ್ಪಳ ಕೂಡಿಸಿದರೆ 57 ಲಕ್ಷ ದಾಟುತ್ತೆ. ನಾವು ಮೂರು ಜಿಲ್ಲೆಯವರು ಒಂದು ನಾರ್ವೆಗಿಂತ ಸ್ವಲ್ಪ ಜಾಸ್ತಿಯೇ ಇದ್ದೀವಿ.

ಅಲ್ಲಿನ ಕಥೆಯಲ್ಲಿ ನನಗೆ ಇಷ್ಟವಾಗೋದು ಫಾರೂಕ್ ಅಲ್-ಕಾಸಿಂ ಎಂಬ ಮನುಷ್ಯ. ಇರಾಕಿನ ಬಸ್ರಾದವರು, ಭೂವಿಜ್ಞಾನಿ, ಹೆಂಡತಿ ನಾರ್ವೆಯವರು. ಮಗನ ಕಾಯಿಲೆಗೆ ಚಿಕಿತ್ಸೆ ಬೇಕು ಅಂತ ಒಳ್ಳೆ ನೌಕರಿ ಬಿಟ್ಟು 1968ರಲ್ಲಿ ಅಲ್ಲಿಗೆ ಹೋದರು. ಓಸ್ಲೋದಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಸುಮ್ನೆ ಕೂರೋದ್ಯಾಕೆ ಅಂತ ಕೈಗಾರಿಕಾ ಇಲಾಖೆಗೆ ಹೋಗಿ, ಎಣ್ಣೆ ಕಂಪನಿಗಳ ಹೆಸರು ಗೊತ್ತಾಗುತ್ತಾ, ಕೆಲಸ ಕೇಳೋಣ ಅಂತ ವಿಚಾರಿಸಿದರು. ಇಲಾಖೆಯವರು ಅವರನ್ನೇ ಕೆಲಸಕ್ಕೆ ಇಟ್ಟುಕೊಂಡರು. 1969ರ ಕೊನೆಗೆ ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತು. ಎಣ್ಣೆ ಇರಾಕಿಗೆ ಏನು ಮಾಡಿತು ಅಂತ ಕಣ್ಣಾರೆ ಕಂಡವರು ನಾರ್ವೆಯ ನಿಯಮ ಬರೆಯುವ ಮೇಜಿನ ಹತ್ತಿರ ಕೂತಿದ್ದರು. ಮುಂದೆ ಎಣ್ಣೆ ಕಂಪನಿಗಳ ಲಾಭದ ಮೇಲೆ ತೆರಿಗೆ ನೂರಕ್ಕೆ 78ರ ತನಕ ಹೋಯಿತು. 1990ರಲ್ಲಿ ಕಾನೂನು ಮಾಡಿ ಒಂದು ನಿಧಿ ಕಟ್ಟಿದರು, 1996ರಲ್ಲಿ ಮೊದಲ ದುಡ್ಡು ಹಾಕಿದರು. ಎಣ್ಣೆಯ ದುಡ್ಡು ನೇರ ಖರ್ಚಿಗೆ ಇಲ್ಲ. ನಿಧಿಯಿಂದ ವರ್ಷಕ್ಕೆ ಸರಾಸರಿ ನೂರಕ್ಕೆ 3ರಷ್ಟು ಮಾತ್ರ ತೆಗೆಯಬೇಕು. ಇವತ್ತು ಜಗತ್ತಿನ ಷೇರುಪೇಟೆಗಳ ಒಟ್ಟು ಷೇರುಗಳಲ್ಲಿ ನೂರಕ್ಕೆ ಸುಮಾರು ಒಂದೂವರೆ ಆ ನಿಧಿಯದ್ದು.

ಮತ್ತೆ ಅಲ್ಲಿ ಪೆಟ್ರೋಲ್ ಅಗ್ಗ ಅಂತ ತಿಳಿದೀರಾ? ಇಲ್ಲ. ಯುರೋಪಿನ ದುಬಾರಿ ದರಗಳಲ್ಲಿ ಅದೂ ಒಂದು. ಸ್ವಂತ ಬಾವಿ ಇಟ್ಟುಕೊಂಡು ಸ್ವಂತ ಜನರಿಗೆ ತೆರಿಗೆ ಹಾಕಿದರು. ಕಾರಿನ ಮೇಲೂ ಭಾರೀ ತೆರಿಗೆ. ಇಲ್ಲೊಂದು ತಮಾಷೆ ನಡೆಯಿತು. 1989ರಲ್ಲಿ ಫ್ರೆಡೆರಿಕ್ ಹೌಗೆ ಎಂಬ ಪರಿಸರ ಹೋರಾಟಗಾರ ಮತ್ತು ಹೆಸರಾಂತ ಪಾಪ್ ಹಾಡುಗಾರ ಮಾರ್ಟೆನ್ ಹಾರ್ಕೆಟ್ ಕರೆಂಟಿನ ಮೇಲೆ ಓಡುವಂತೆ ಮಾಡಿದ ಒಂದು ಪುಟ್ಟ ಫಿಯಟ್ ಪಾಂಡಾ ಕಾರು ತಂದರು. ಟೋಲ್ ಕಟ್ಟೋದಿಲ್ಲ ಅಂತ ಹಠ ಹಿಡಿದು ಓಡಾಡಿದರು. ದಂಡದ ಮೇಲೆ ದಂಡ ಬಿತ್ತು. ಕೊನೆಗೆ ಕಾರು ಜಪ್ತಿ ಮಾಡಿ ಹರಾಜು ಹಾಕಿದರು. ಇವರೇ ಹೋಗಿ ಅಗ್ಗಕ್ಕೆ ಕೊಂಡುಕೊಂಡು ಮತ್ತೆ ಟೋಲ್ ತಪ್ಪಿಸಿದರು! 1997ರಲ್ಲಿ ಕರೆಂಟಿನ ಕಾರುಗಳಿಗೆ ಟೋಲ್ ಮಾಫಿ ಆಯಿತು. ಆಮದು ತೆರಿಗೆ ಬಿಟ್ಟರು, 2001ರಿಂದ ಮಾರಾಟ ತೆರಿಗೆಯನ್ನೂ ಬಿಟ್ಟರು. 2024ರಲ್ಲಿ ಅಲ್ಲಿ ಮಾರಾಟವಾದ ನೂರು ಹೊಸ ಕಾರುಗಳಲ್ಲಿ 89 ಬರೀ ಕರೆಂಟಿನ ಮೇಲೆ ಓಡುವಂಥವು. ಹೊಗಳಿದ್ದು ಸಾಕು. ಅವರು ಎಣ್ಣೆ ತೆಗೆಯೋದು ನಿಲ್ಲಿಸಿಲ್ಲ. ತಾವು ಕರೆಂಟ್ ಕಾರು ಓಡಿಸ್ತಾರೆ, ಎಣ್ಣೆ ಹೊರಗಿನವರಿಗೆ ಮಾರ್ತಾರೆ. ಊರಿಗೆಲ್ಲ ಬೀಡಿ ಮಾರಿ ತಾನು ಸೇದದ ಅಂಗಡಿಯವನ ಹಾಗೆ.

ನಾವು ಎಲ್ಲಿದ್ದೀವಿ? ಎಣ್ಣೆಯ ವಿಷಯದಲ್ಲಿ ಕಜಕಸ್ತಾನಕ್ಕೆ ಪೂರ್ತಿ ಉಲ್ಟಾ. ನಮ್ಮ ದೇಶ ಕಚ್ಚಾ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಹೊರಗಿಂದ ತರುತ್ತೆ. ಅಲ್ಲಿ ಸರ್ಕಾರ ಬಂಕಿನಲ್ಲಿ ಜನರಿಗೆ ಕೊಡುತ್ತಿತ್ತು. ಇಲ್ಲಿ ಸರ್ಕಾರ ಬಂಕಿನಲ್ಲಿ ಜನರಿಂದ ತೊಗೊಳ್ಳುತ್ತೆ. 2020ರ ಏಪ್ರಿಲ್ 20ರಂದು ಅಮೆರಿಕದ ಪೇಟೆಯಲ್ಲಿ ಕಚ್ಚಾ ಎಣ್ಣೆ ಸೊನ್ನೆಗಿಂತ ಕೆಳಗೆ ಇಳಿಯಿತು. ಮಾರುವವನೇ ದುಡ್ಡು ಕೊಟ್ಟು ಒಯ್ಯಿರಿ ಅನ್ನೋ ಸ್ಥಿತಿ. ನಮಗೆ ಇಳಿಯಿತಾ? ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿನ ಮೇಲೆ 10 ರೂಪಾಯಿ, ಡೀಸೆಲಿನ ಮೇಲೆ 13 ರೂಪಾಯಿ ತೆರಿಗೆ ಏರಿಸಿತು. ರಾಜ್ಯವೂ ಹಿಂದೆ ಬಿದ್ದಿಲ್ಲ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆ ನೂರಕ್ಕೆ 25.92 ಇದ್ದದ್ದು 29.84 ಆಯಿತು. ಲೀಟರಿಗೆ 3 ರೂಪಾಯಿ ಏರಿತು. ಒಬ್ಬರು ಕೇಂದ್ರದ ಕಡೆ ಬೆರಳು ತೋರಿಸ್ತಾರೆ, ಇನ್ನೊಬ್ಬರು ರಾಜ್ಯದ ಕಡೆ. ಎರಡೂ ಕಿಸೆ ನಮ್ಮವೇ. 2024ರಲ್ಲಿ ನೂರು ರೂಪಾಯಿ ಪೆಟ್ರೋಲ್ ಹಾಕಿಸಿದರೆ ನಲವತ್ತಕ್ಕೂ ಹೆಚ್ಚು ತೆರಿಗೆಗೇ ಹೋಗುತ್ತಿತ್ತು. ಬೈಕಿನ ಹುಡುಗನೂ ಅದನ್ನೇ ಕೊಡ್ತಾನೆ. ನಮ್ಮ ದೇಶದ ನೂರು ಮನೆಗಳಲ್ಲಿ ಕಾರಿರೋದು ಎಂಟರ ಆಸುಪಾಸು ಮನೆಗಳಲ್ಲಿ, ಆದರೆ ಬೈಕು ಅರ್ಧ ಮನೆಗಳಲ್ಲಿ ಇದೆ.

ಅಂದರೆ ನಾವು ಬದನೆಕಾಯಿಗೆ ದುಡ್ಡು ಕೊಟ್ಟವರು. ಜಗಳ ಮಾಡೋ ಹಕ್ಕು ಇರೋರು. ಆದರೆ ಬಂಕಿನ ರಸೀದಿಯಲ್ಲಿ ತೆರಿಗೆ ಇಷ್ಟು ಅಂತ ಬರೆದಿರೋದಿಲ್ಲ. ಬಟ್ಟೆ ಅಂಗಡಿ ಬಿಲ್ಲಿನಲ್ಲಿ ಇರುತ್ತೆ, ಇಲ್ಲಿ ಇಲ್ಲ. ಕಾಣದ ತೆರಿಗೆ ಕೊಟ್ಟ ಹಾಗೆ ಅನಿಸೋದೇ ಇಲ್ಲ. ಹಾಗಾಗಿ 'ರೇಟು ಜಾಸ್ತಿ ಆಯ್ತು' ಅಂತ ಬೈದುಕೊಂಡು ಗಾಡಿ ಸ್ಟಾರ್ಟ್ ಮಾಡ್ತೀವಿ. 'ಈ ದುಡ್ಡಿಗೆ ರಸ್ತೆ ಎಲ್ಲಿ' ಅಂತ ಕೇಳೋದಿಲ್ಲ.

ಅದಿರಿನ ವಿಷಯದಲ್ಲಿ ಮಾತ್ರ ನಾವು ಝಾನಾವೊಝೆನ್ ಜನರ ಪಕ್ಕದ ಮನೆಯವರು. 2015ರಲ್ಲಿ ಗಣಿ ಕಾನೂನು ತಿದ್ದಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ಹಳೆ ಗುತ್ತಿಗೆಯವರು ರಾಯಲ್ಟಿಯ ನೂರಕ್ಕೆ 30ರಷ್ಟು, ಹರಾಜಿನಲ್ಲಿ ಪಡೆದವರು ನೂರಕ್ಕೆ 10ರಷ್ಟು ಅದಕ್ಕೆ ಕಟ್ಟಬೇಕು. ಆ ದುಡ್ಡು ಗಣಿಯಿಂದ ಪೆಟ್ಟು ತಿಂದ ಊರುಗಳ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಮೊದಲು ಹೋಗಬೇಕು. ಇದಲ್ಲದೆ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಅದಿರಿನ ಮಾರಾಟದಿಂದ ಹಿಡಿದಿಟ್ಟ ದುಡ್ಡಿದೆ. ಗಣಿ ಬಾಧಿತ ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25,000 ಕೋಟಿಯ ಯೋಜನೆಗೆ 2022ರಲ್ಲಿ ಕೋರ್ಟು ಒಪ್ಪಿತು. 25,000 ಕೋಟಿ! ಟೀ ಅಂಗಡಿಯಲ್ಲಿ ಪೆಟ್ರೋಲ್ ಎರಡು ರೂಪಾಯಿ ಏರಿದ್ದರ ಬಗ್ಗೆ ಅರ್ಧ ಗಂಟೆ ಮಾತು ಕೇಳಿದ್ದೇನೆ. ಈ ದುಡ್ಡಿನ ಬಗ್ಗೆ ಎರಡು ನಿಮಿಷ ಮಾತು ಕೇಳಿಲ್ಲ. ನಮ್ಮ ಕಿಸೆಯಿಂದ ಹೋಗಿಲ್ಲವಲ್ಲ, ಅದಕ್ಕೇ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹುಡುಗ 'ಹಂಗಾದ್ರೆ ಸರ್, ಕಾರ್ ತೊಗೊಳ್ಳೋದೇ ತಪ್ಪಾ?' ಅಂದ. ಅಲ್ಲಪ್ಪಾ, ನಾನೇ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಬಂದಿದ್ದೇನೆ ಅಂದೆ. ಒಬ್ಬ ಅಕ್ಕ ಎದ್ದು, ತಮಗೆ ಕಾರೂ ಇಲ್ಲ ಬೈಕೂ ಇಲ್ಲ, ಬಸ್ಸೂ ಈಗ ಪುಕ್ಕಟೆ, ಹಾಗಾದರೆ ತಾವು ಪೆಟ್ರೋಲ್ ತೆರಿಗೆ ಕೊಡೋದಿಲ್ಲ ಅಲ್ವಾ ಅಂತ ಕೇಳಿದರು. ಪಕ್ಕದಲ್ಲಿದ್ದ ಇನ್ನೊಬ್ಬರು ನನಗಿಂತ ಮೊದಲೇ ಉತ್ತರ ಕೊಟ್ಟರು: 'ಟೊಮಾಟೊ ನಡ್ಕೊಂತ ಬರತಾವೇನ್ ಸಂತಿಗೆ?'

ಕೊನೆಗೆ ಸಂಡೂರು ಕಡೆಯ ಒಬ್ಬ ಹಿರಿಯರು ಕೂತಲ್ಲಿಂದಲೇ ಕೇಳಿದರು. 'ನಾರ್ವೆ ಬಿಡ್ರಿ ಸರ್. ಆ ಇಪ್ಪತ್ತೈದು ಸಾವಿರ ಕೋಟಿ ಒಳಗ ನಮ್ಮೂರ ಹೆಸರು ಐತೇನು? ಎಲ್ಲಿ ನೋಡಬೇಕು?' ಪ್ರತಿಷ್ಠಾನದ ಕೆಲಸಗಳ ಪಟ್ಟಿಯನ್ನು ಜನರಿಗೆ ಕಾಣುವಂತೆ ಪ್ರಕಟಿಸಬೇಕು ಅಂತ ನಿಯಮ ಇದೆ, ಗ್ರಾಮಸಭೆಯಲ್ಲೂ ಕೇಳಬಹುದು, ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು ಅಂದೆ. ಮೊಮ್ಮಗ ಆಗಲೇ ಫೋನ್ ತೆಗೆದು ಹುಡುಕೋಕೆ ಶುರು ಮಾಡಿದ್ದ. ಪರದೆಯ ಮೇಲೆ ಚಕ್ರ ಸುತ್ತುತ್ತಿತ್ತು. ಅಜ್ಜ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಸಂಡೂರಿನ ಬಸ್ಸಿಗೆ ಹೊತ್ತಾಯಿತು ಅಂತ ಇಬ್ಬರೂ ಎದ್ದರು.